ಅಂಚಿನಲ್ಲಿ ಪಾಸಾದ ಚಿಮಣಿ

ಸಿಲಿಂಡರಿನ ಮೇಲೆ ಇನ್ನೂರು ಎಂದು ಬರೆದಿತ್ತು. ಮೀಟರು ತೊಂಬತ್ತೊಂದು ಎನ್ನುತ್ತಿತ್ತು.

ಹೊಗೆಯಕ್ಕ ಮೀಟರನ್ನು ಆರಿಸಿ ಮತ್ತೆ ಹಚ್ಚಿದಳು. ಅದು ಗಾಳಿ ಎಳೆದುಕೊಂಡು ಗೊರ ಗೊರ ಸದ್ದು ಮಾಡಿ ಸೊನ್ನೆಗೆ ಬಂತು. ಸಿಲಿಂಡರಿನ ಗ್ಯಾಸನ್ನು ಇನ್ನೊಮ್ಮೆ ಕೊಟ್ಟಳು. ತೊಂಬತ್ತು. ತೊಂಬತ್ತೆರಡು. ಮತ್ತೆ ತೊಂಬತ್ತೊಂದಕ್ಕೆ ಬಂದು ನಿಂತಿತು.

ಹೊಗೆಯಕ್ಕ ಎನ್ನುವುದು ಆಫೀಸಿನವರು ಇಟ್ಟ ಹೆಸರು. ಬಾಯ್ಲರು, ಗೀಸರು, ಬೇಕರಿ ಒಲೆ, ಹೀಗೆ ಉರಿಯುವುದು ಏನಿದ್ದರೂ ಅದರ ಚಿಮಣಿಯೊಳಗೆ ಉದ್ದನೆಯ ಕೊಳವೆ ತೂರಿಸಿ ಹೊಗೆಯಲ್ಲಿ ವಿಷ ಎಷ್ಟಿದೆ ಎಂದು ಅಳೆದು, ಪಾಸೋ ಫೇಲೋ ಎಂದು ಚೀಟಿ ಕೊಡುವುದು ಅವಳ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಅಳೆಯಬೇಕಾದ್ದರಲ್ಲಿ ಮುಖ್ಯವಾದದ್ದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದವರು ನಿದ್ದೆ ಬಂತೆಂದು ತಲೆಯಿಟ್ಟರೆ ಮತ್ತೆ ಏಳುವುದಿಲ್ಲ. ಚಿಮಣಿಯಲ್ಲಿ ಅದು ನೂರೈವತ್ತು ಮೀರಿದರೆ ಫೇಲು ಎಂಬುದು ನಿಯಮ. ಮೀಟರು ಸರಿಯಾಗಿದೆಯೇ ಎಂದು ತಿಂಗಳಿಗೊಮ್ಮೆ ಗೊತ್ತಿರುವ ಗ್ಯಾಸು ಕೊಟ್ಟು ನೋಡಬೇಕು. ಆ ತಿಂಗಳ ಸರದಿ ಅಂದು ಬೆಳಗ್ಗೆ ಬಂದಿತ್ತು.

ಮೊದಲು ಸೆನ್ಸರಿಗೆ ವಯಸ್ಸಾಯಿತೇನೋ ಎಂದುಕೊಂಡಳು. ಆದರೆ ಅದನ್ನು ಹಾಕಿಸಿ ವರ್ಷವೂ ಆಗಿರಲಿಲ್ಲ. ಆಮೇಲೆ ಮೀಟರಿನ ಹೊಟ್ಟೆಯ ಕೆಳಗಿದ್ದ ಸಣ್ಣ ಪ್ಲಾಸ್ಟಿಕ್ ಡಬ್ಬಿಯನ್ನು ತಿರುಗಿಸಿ ಬಿಚ್ಚಿದಳು. ಹೊಗೆಯೊಳಗಿನ ನೀರು ಸೆನ್ಸರಿಗೆ ಹೋಗದಂತೆ ತಡೆಯುವ ಡಬ್ಬಿ ಅದು. ಅದರ ಬಾಯಿಗೆ ಕೂರಬೇಕಾದ ರಬ್ಬರ್ ರಿಂಗು ಒಂದು ಕಡೆ ತಿರುಚಿಕೊಂಡು, ಮುಚ್ಚಳದಡಿ ಸಿಕ್ಕಿ, ಉಗುರಿನಷ್ಟು ಸೀಳಿತ್ತು. ಆ ಸಂದಿಯಿಂದ ಮೀಟರು ಚಿಮಣಿಯ ಹೊಗೆಯ ಜೊತೆಗೆ ಕೋಣೆಯ ಒಳ್ಳೆಯ ಗಾಳಿಯನ್ನೂ ಎಳೆದುಕೊಳ್ಳುತ್ತಿತ್ತು. ಹಾಲಿಗೆ ನೀರು ಬೆರೆಸಿದ ಹಾಗೆ.

ಆ ರಿಂಗನ್ನು ಹಾಕಿದ್ದವಳು ಅವಳೇ.

ಯಾವತ್ತು ಎಂದು ನೋಡಲು ಮೀಟರಿನ ಪುಸ್ತಕ ತೆಗೆದಳು. 'ಫಿಲ್ಟರ್ ಬದಲಿಸಿದೆ' ಎಂದು ಅವಳದೇ ಅಕ್ಷರ. ಹನ್ನೆರಡು ದಿನದ ಹಿಂದೆ. ಆ ಬೆಳಗ್ಗೆ ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಜಾಮೆಟ್ರಿ ಬಾಕ್ಸು ಎಲ್ಲಿ ಎಂದು ಅಳುತ್ತಿದ್ದ ಮಗಳಿಗೆ ಉತ್ತರ ಹೇಳುತ್ತ ಡಬ್ಬಿ ಮುಚ್ಚಿದ್ದು ನೆನಪಾಯಿತು. ಅಂದಿನಿಂದ ಕೊಟ್ಟ ಚೀಟಿಗಳ ನಕಲನ್ನೆಲ್ಲ ಮೇಜಿನ ಮೇಲೆ ಹರಡಿದಳು. ಒಟ್ಟು ಏಳು ಜಾಗ. ಏಳರಲ್ಲೂ ಆಮ್ಲಜನಕ ಶೇಕಡ ಹದಿಮೂರು, ಹದಿನಾಲ್ಕು ಎಂದಿತ್ತು. ಅದಕ್ಕೂ ಹಿಂದಿನ ಚೀಟಿಗಳಲ್ಲಿ ಐದು, ಆರು. ಅಷ್ಟು ಗಾಳಿ ಯಾವ ಬರ್ನರೂ ಎಳೆಯುವುದಿಲ್ಲ. ಕಣ್ಣಿಗೆ ರಾಚುವಂತಿದ್ದ ಅಂಕಿ ಹನ್ನೆರಡು ದಿನ ಕಣ್ಣಿಗೇ ಬೀಳದೆ ಹೋಗಿತ್ತು.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು" ಎಂದು ತನಗೆ ತಾನೇ ಗೊಣಗಿಕೊಂಡು ಅವಳು ಚೀಟಿಗಳನ್ನು ಎತ್ತಿಕೊಂಡು ಮೇಷ್ಟ್ರ ಕೋಣೆಗೆ ಹೋದಳು.

ಮೇಷ್ಟ್ರು ಎಂದರೆ ಆಫೀಸಿನ ಹಿರಿಯ ಎಂಜಿನಿಯರು. ಅಲ್ಲಿನವರಿಗೆಲ್ಲ ಕೆಲಸ ಕಲಿಸಿದ್ದಕ್ಕೆ ಆ ಹೆಸರು. ಅವರು ಕನ್ನಡಕ ಹಣೆಗೇರಿಸಿ ಚೀಟಿಗಳನ್ನು ಒಂದೊಂದಾಗಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ.

"ಇದರಲ್ಲಿ ಅಂಚಿನಲ್ಲಿ ಇರೋದು ಯಾವುದು?"

"ಲಾಂಡ್ರಿ, ಸಾರ್. ನೂರ ನಲವತ್ತು ಬಂದಿತ್ತು."

"ಅಂದ್ರೆ ನಿಜವಾಗಿ ಮುನ್ನೂರು." ಅವರು ಆ ಚೀಟಿಯನ್ನು ಬೇರೆ ಇಟ್ಟರು. "ಹೊಸ ರಿಂಗ್ ಹಾಕು. ಏಳೂ ಕಡೆಗೆ ಫೋನ್ ಮಾಡು. ಜನರನ್ನ ಹೆದರಿಸ್ಬೇಡ, ಮರುಪರೀಕ್ಷೆ ಇದೆ, ನಾವು ಬರೋವರೆಗೂ ಬರ್ನರ್ ನಿಲ್ಸಿ ಅಂತಷ್ಟೇ ಹೇಳು. ಆ ಇನ್ನೊಂದು ಮೀಟರ್ ತಗೊಂಡು ಮೂರು ಕಡೆಗೆ ನಾನು ಹೋಗ್ತೀನಿ. ನಾಲ್ಕು ನಿಂದು. ಲಾಂಡ್ರಿ ಮೊದಲು."

ಹೊಸ ರಿಂಗು ಹಾಕಿದ ಮೇಲೆ ಮೀಟರು ನೂರ ತೊಂಬತ್ತೆಂಟು ತೋರಿಸಿತು. ಅವಳು ಫೋನು ಹಿಡಿದು ಕೂತಳು. ಆರು ಕಡೆಯವರು ಕೊಸರಾಡಿಯೋ ಕೊಸರಾಡದೆಯೋ ಒಪ್ಪಿದರು. ಈಜುಕೊಳದ ಮ್ಯಾನೇಜರನೊಬ್ಬ, "ನೀರು ತಣ್ಣಗಾದ್ರೆ ಬಂದೋರು ನನ್ನನ್ನೇ ಮುಳುಗಿಸ್ತಾರೆ ಮೇಡಂ" ಎಂದು ನಕ್ಕು ನಿಲ್ಲಿಸಿದ. ಲಾಂಡ್ರಿಯ ಯಜಮಾನ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ.

"ಮೊನ್ನೆ ತಾನೇ ಪಾಸ್ ಆಯ್ತಲ್ಲಮ್ಮ. ಇವತ್ತು ಮೂರು ಹೋಟೆಲಿನ ಹಾಸಿಗೆ ಬಟ್ಟೆ ಬಂದು ಬಿದ್ದಿದೆ. ಏನಾದ್ರೂ ತೊಂದರೆನಾ?"

ಅವಳ ನಾಲಿಗೆಯ ತುದಿಗೆ ಬಂದದ್ದು ಬೇರೆ, ಬಾಯಿಂದ ಹೊರಬಿದ್ದದ್ದು ಬೇರೆ. "ತೊಂದರೆ ಅಂತಲ್ಲ... ಒಂದು ಸಣ್ಣ ಅನುಮಾನ. ಮರುಪರೀಕ್ಷೆ."

"ಹಾಗಾದ್ರೆ ಇದೊಂದು ಲೋಡ್ ಮುಗಿಸಿ ನಿಲ್ಲಿಸ್ತೀನಿ. ಆಗ್ಬಹುದಾ?"

ಆಗದು ಎನ್ನಬೇಕಿತ್ತು. "ಬೇಗ ಮುಗಿಸಿ" ಎಂದುಬಿಟ್ಟಳು. ಹತ್ತೇ ನಿಮಿಷದ ದಾರಿ, ತಾನು ಹೋಗುವಷ್ಟರಲ್ಲಿ ಮುಗಿದಿರುತ್ತದೆ ಎಂದುಕೊಂಡಳು.

ಮೀಟರನ್ನು ವ್ಯಾನಿಗಿಟ್ಟು ಬಾಗಿಲು ಹಾಕುವಾಗ ಅವಳಿಗೆ ಲೆಕ್ಕ ತಪ್ಪಿದ್ದು ಹೊಳೆಯಿತು.

ಏಳಲ್ಲ, ಎಂಟು. ಎಂಟನೆಯದಕ್ಕೆ ಚೀಟಿಯೇ ಇರಲಿಲ್ಲ, ಏಕೆಂದರೆ ಅದು ಅವಳ ತಂಗಿಯ ಮನೆ.

ತಂಗಿಗೆ ಏಳು ತಿಂಗಳು. ಹೊಸ ಬಾಡಿಗೆ ಮನೆಯಲ್ಲಿ ಹಳೆಯ ಗ್ಯಾಸ್ ಗೀಸರ್ ಇದೆಯೆಂದು ಗೊತ್ತಾಗಿ, ಅಕ್ಕನೇ ಒಂದು ಸಂಜೆ ಮೀಟರು ಹೊತ್ತುಕೊಂಡು ಹೋಗಿ ಅಳೆದು, "ಒಳ್ಳೇದಿದೆ ಕಣೇ, ಆರಾಮಾಗಿ ಸ್ನಾನ ಮಾಡು" ಎಂದು ಹೇಳಿ ಬಂದಿದ್ದಳು. ಯಾವ ಸಂಜೆ? ರಿಂಗು ಹಾಕುವ ಮೊದಲೋ, ಆಮೇಲೋ? ಎಷ್ಟು ಬಗೆದರೂ ನೆನಪಾಗಲಿಲ್ಲ. ತಂಗಿಗೆ ಫೋನು ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಇಲ್ಲ. ಅಮ್ಮನಿಗೆ ಮಾಡಿದಳು.

"ನಿನ್ನೆಯಿಂದ ತಲೆನೋವು ಅಂತಿದ್ಲಮ್ಮ" ಎಂದಳು ಅಮ್ಮ. "ಬಸುರಿಗೆ ಅದೆಲ್ಲ ಇದ್ದದ್ದೇ, ಮಲ್ಕೋ ಅಂದೆ. ಯಾಕೆ? ನಿನ್ನ ದನಿ ಯಾಕೆ ಹಂಗಿದೆ?"

ಹೊಗೆಯಕ್ಕ ಏನು ಉತ್ತರ ಕೊಟ್ಟಳೋ ಅವಳಿಗೇ ತಿಳಿಯದು. ಆಫೀಸಿನ ಗೇಟಿನಿಂದ ಎಡಕ್ಕೆ ಹೋದರೆ ಲಾಂಡ್ರಿ. ಬಲಕ್ಕೆ ಹೋದರೆ ತಂಗಿಯ ಮನೆ, ಅದು ಇಪ್ಪತ್ತು ನಿಮಿಷದ ದಾರಿ. ಅವಳು ಬಲಕ್ಕೆ ತಿರುಗಿಸಿದಳು.

ದಾರಿಯ ಸಿಗ್ನಲ್ಲುಗಳೆಲ್ಲ ಅಂದು ಅವಳಿಗೆಂದೇ ಕೆಂಪಾದಂತಿತ್ತು. ಪ್ರತಿ ನಿಲುಗಡೆಯಲ್ಲೂ ಫೋನು ಒತ್ತಿದಳು, ಪ್ರತಿ ಸಲವೂ ಅದೇ ರಿಂಗು. ತಂಗಿ ಸ್ನಾನದ ಮನೆಯ ಕಿಟಕಿ ಮುಚ್ಚುವ ಜಾತಿಯವಳು, ಸ್ವಲ್ಪ ಚಳಿಯಾದರೂ ಮನೆಯನ್ನೇ ಕಂಬಳಿ ಹೊದಿಸಿದಂತೆ ಮಾಡಿಕೊಳ್ಳುವವಳು. ಮೂರು ದಿನದಿಂದ ಶೀತಗಾಳಿ ಬೀಸುತ್ತಿತ್ತು. ಆ ಗ್ಯಾಸು ತಾಯಿಗಿಂತ ಮೊದಲು ಹೊಟ್ಟೆಯ ಕೂಸನ್ನು ಹಿಡಿಯುತ್ತದೆಂದು ಕೆಲಸಕ್ಕೆ ಸೇರಿದ ವರ್ಷ ಮೇಷ್ಟ್ರೇ ಪಾಠ ಹೇಳಿದ್ದರು. ಆ ಪಾಠ ಈಗ ಯಾಕಾದರೂ ನೆನಪಾಗುತ್ತಿದೆಯೋ ಎನಿಸಿತು.

ಎರಡನೇ ಮಹಡಿ. ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಬಾಗಿಲು ಬಡಿದಳು. ಒಳಗೆ ಫೋನು ರಿಂಗಾಗುವುದು ಹೊರಗೆ ಕೇಳುತ್ತಿತ್ತು. ಯಾರೂ ಎತ್ತಲಿಲ್ಲ. "ಲೇ! ಬಾಗಿಲು ತೆಗಿಯೇ!" ಅಂಗೈ ಉರಿಯುವವರೆಗೂ ಬಡಿದಳು. ಎದುರು ಮನೆಯ ಮುದುಕ ತಲೆ ಹೊರಗೆ ಹಾಕಿ ಏನಾಯಿತೆಂದು ಕೇಳಿದರೂ ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. ಬಾಗಿಲನ್ನು ಹೆಗಲಿನಿಂದ ಒಮ್ಮೆ ಗುದ್ದಿದಳು. ಇನ್ನೊಮ್ಮೆ ಗುದ್ದಲು ಹಿಂದೆ ಸರಿದಾಗ ಮೇಲಿನ ಮೆಟ್ಟಿಲಿಂದ ದನಿ ಬಂತು.

"ಬಾಡಿಗೆ ಮನೆ ಕಣಕ್ಕ ಅದು. ಬಾಗಿಲು ಮುರಿದ್ರೆ ನೀನೇ ಹಾಕಿಸ್ಕೊಡ್ಬೇಕು."

ತಂಗಿ ಒಣಗಿದ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ತಾರಸಿಯಿಂದ ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದಳು. ಕೆನ್ನೆ ಗುಂಡಗೆ, ಮುಖ ಕಳೆಕಳೆಯಾಗಿ. ಹೊಗೆಯಕ್ಕ ಮೆಟ್ಟಿಲು ಹತ್ತಿ ಬುಟ್ಟಿಯನ್ನು ಇಸಿದುಕೊಂಡಳು.

"ತಲೆನೋವು ಅಂದ್ಯಂತೆ?"

"ಹೊಸ ಕನ್ನಡಕ ಅಕ್ಕ. ಎರಡು ದಿನ ಹೀಗೇ ಇರುತ್ತೆ ಅಂದ್ರು ಅಂಗಡಿಯವರು. ಏನಾಯ್ತು ನಿಂಗೆ? ಮುಖ ಯಾಕೆ ಬಿಳಿಚಿಕೊಂಡಿದೆ?"

ಹೇಳದೆ ಮೊದಲು ಒಳಗೆ ಹೋಗಿ ಗೀಸರ್ ಹಚ್ಚಿ ಅಳೆದಳು. ಮೂವತ್ತೆಂಟು. ಒಂದು ಮಗುವನ್ನಲ್ಲ, ಹತ್ತು ಮಕ್ಕಳನ್ನು ಹೆತ್ತರೂ ಏನೂ ಆಗದ ಅಂಕಿ. ತಂಗಿಯೇ ಆಮೇಲೆ ಲೆಕ್ಕ ಹೇಳಿದಳು: ಅಕ್ಕ ಬಂದಿದ್ದು ತೊಟ್ಟಿಲು ಬಂದ ದಿನ, ಅದಕ್ಕೆ ಮೂರು ವಾರವಾಯಿತು. ಅಂದರೆ ರಿಂಗು ಹಾಕುವುದಕ್ಕೂ ಮೊದಲು. ಹೊಗೆಯಕ್ಕ ನಗಲು ಶುರುಮಾಡಿದಳು. ತಂಗಿ ಕೊಟ್ಟ ನೀರನ್ನು ನಗುತ್ತಲೇ ಗಟಗಟ ಕುಡಿದಳು. ಅರ್ಧ ಲೋಟ ಉಳಿದಿರುವಾಗ ಅವಳಿಗೆ ಫೋನು ಬಂತು.

ಲಾಂಡ್ರಿಯ ನಂಬರು. ಆದರೆ ದನಿ ಯಜಮಾನನದಲ್ಲ, ಯಾರೋ ಹೆಂಗಸಿನದು.

"ಮೇಡಂ, ಇಸ್ತ್ರಿಯಮ್ಮ ಬಿದ್ಬಿಟ್ಟಿದ್ದಾರೆ. ಮಾತಾಡ್ತಿಲ್ಲ. ಯಜಮಾನ್ರಿಗೂ ತಲೆ ಸುತ್ತಿ ವಾಂತಿ ಆಗ್ತಿದೆ. ನಿಮ್ಗೆ ಫೋನ್ ಮಾಡು ಅಂದ್ರು."

"ಬಾಯ್ಲರ್ ನಿಲ್ಸಿದ್ರಾ?"

"ಇಲ್ಲ, ಲೋಡ್ ಇನ್ನೂ..."

"ನಿಲ್ಸಿ! ಈಗ್ಲೇ! ಬಾಗಿಲು ಕಿಟಕಿ ಎಲ್ಲಾ ತೆಗೀರಿ, ಎಲ್ಲರನ್ನೂ ಬೀದಿಗೆ ಎಳ್ಕೊಂಡು ಬನ್ನಿ. ಒಳಗೆ ಯಾರೂ ನಿಲ್ಬೇಡಿ, ಆಂಬ್ಯುಲೆನ್ಸಿಗೆ ಫೋನ್ ಮಾಡಿ. ಅದು ವಿಷದ ಗ್ಯಾಸು, ಸಾಯ್ತೀರಿ!"

ಬೆಳಗ್ಗೆ ಗಂಟಲಿನಲ್ಲೇ ಉಳಿದ ಮಾತು ಈಗ ಕಿರುಚಿಕೊಂಡು ಬಂತು. ತಂಗಿ ಎರಡು ಕೈಯನ್ನೂ ಹೊಟ್ಟೆಯ ಮೇಲಿಟ್ಟುಕೊಂಡು ನಿಂತುಬಿಟ್ಟಳು.

ಹೊಗೆಯಕ್ಕ ವಾಪಸು ಹೇಗೆ ವ್ಯಾನು ಓಡಿಸಿದಳೋ ದೇವರಿಗೇ ಗೊತ್ತು. ಲಾಂಡ್ರಿಯ ಬೀದಿಯಲ್ಲಿ ಗುಂಪು ಸೇರಿತ್ತು. ಆಂಬ್ಯುಲೆನ್ಸು ಆಗಷ್ಟೇ ಬಂದಿತ್ತು. ಒಗೆದ ಬಟ್ಟೆಯ ಮೂಟೆಗಳ ಮೇಲೆ ಐವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸೊಬ್ಬರನ್ನು ಮಲಗಿಸಿದ್ದರು. ಕೆನ್ನೆ ಆರೋಗ್ಯವಂತರ ಹಾಗೆ ಕೆಂಪಾಗಿತ್ತು. ಇಸ್ತ್ರಿಯಮ್ಮ. ಹನ್ನೆರಡು ದಿನದ ಹಿಂದೆ, "ನಮ್ಮ ಚಿಮಣಿಗೇನು ಜ್ವರ ನೋಡ್ತೀರಾ?" ಎಂದು ತಮಾಷೆ ಮಾಡಿದ್ದವರು. ಆಂಬ್ಯುಲೆನ್ಸಿನ ನರ್ಸು ಅವರ ಬೆರಳಿಗೆ ಕ್ಲಿಪ್ಪು ಹಾಕಿ ಅಂಕಿ ನೋಡುತ್ತಿದ್ದ.

"ಆಮ್ಲಜನಕ ತೊಂಬತ್ತೆಂಟಿದೆ, ಚೆನ್ನಾಗೇ ಇದೆ. ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಂತಾರೆ, ನಿಶ್ಶಕ್ತಿ ಇರಬೇಕು."

"ಅದನ್ನ ನಂಬಬೇಡಿ!" ಎಂದು ಹೊಗೆಯಕ್ಕ ಗುಂಪನ್ನು ಸೀಳಿಕೊಂಡು ಬಂದಳು. "ಇದು ಕಾರ್ಬನ್ ಮಾನಾಕ್ಸೈಡ್. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂತಿರುತ್ತೆ. ನಿಮ್ಮ ಕ್ಲಿಪ್ಪಿಗೆ ಎರಡೂ ಒಂದೇ ಥರ ಕೆಂಪಾಗಿ ಕಾಣುತ್ತೆ. ಮುಖಕ್ಕೆ ಪೂರ್ತಿ ಆಮ್ಲಜನಕ ಹಾಕಿ, ಈಗ್ಲೇ ಹಾಕಿ."

ನರ್ಸು ಅವಳನ್ನು ಮೇಲಿಂದ ಕೆಳಗೆ ನೋಡಿದ. "ನೀವು ಡಾಕ್ಟರಾ? ನಿಮಗೆ ಹೇಗೆ ಗೊತ್ತು?"

ಬೀದಿಯಲ್ಲಿ ಇಪ್ಪತ್ತು ಮೂವತ್ತು ಜನರಿದ್ದರು. ಗೋಡೆಗೊರಗಿ ಕೂತಿದ್ದ ಯಜಮಾನನೂ ಬಾಯಿ ಒರೆಸಿಕೊಂಡು ತಲೆಯೆತ್ತಿದ. ಅವಳಿಗೆ ಒಂದು ಕ್ಷಣ, ಆಫೀಸಿಗೆ ದೂರು ಬಂತು, ಅದಕ್ಕೆ ಬಂದೆ ಎಂದು ಹೇಳಿಬಿಡೋಣ ಎನಿಸಿತು. ಅಷ್ಟು ಹೇಳಿದರೆ ನರ್ಸು ನಂಬುತ್ತಾನೋ ಇಲ್ಲವೋ ಗೊತ್ತಿರಲಿಲ್ಲ.

"ಈ ಚಿಮಣಿಯನ್ನ ಪಾಸ್ ಮಾಡಿದ್ದು ನಾನೇ. ನನ್ನ ಮೀಟರ್ ಕೆಟ್ಟಿತ್ತು, ನಾನೇ ಕೆಡಿಸಿದ್ದು. ಫೇಲ್ ಆಗ್ಬೇಕಿತ್ತು, ಪಾಸ್ ಅಂತ ಚೀಟಿ ಕೊಟ್ಟೆ. ಬೇಕಾದ್ರೆ ಆಮೇಲೆ ನನ್ನನ್ನ ಏನಾದ್ರೂ ಮಾಡಿ. ಆಮ್ಲಜನಕ ಹಾಕಿ ಮೊದಲು."

ನರ್ಸು ಮರುಮಾತಾಡದೆ ಸಿಲಿಂಡರು ತಿರುಗಿಸಿ ಮಾಸ್ಕು ಹಾಕಿದ. ಯಾವ ಆಸ್ಪತ್ರೆಯಲ್ಲಿ ಇದಕ್ಕೆ ರಕ್ತ ಪರೀಕ್ಷೆ ಮಾಡುತ್ತಾರೋ ಅಲ್ಲಿಗೇ ಒಯ್ಯಬೇಕೆಂದು ಡ್ರೈವರಿಗೆ ಕೂಗಿ ಹೇಳಿದ. ಯಜಮಾನ ಬೆರಳಿನಿಂದ ಒಳಗಿನ ಗೋಡೆಯತ್ತ ತೋರಿಸಿದ.

"ಫ್ರೇಮ್ ಹಾಕಿ ತೂಗು ಹಾಕಿದೀನಿ ನಿನ್ನ ಚೀಟಿಯನ್ನ. ಫೋನಲ್ಲಿ 'ಸಣ್ಣ ಅನುಮಾನ' ಅಂದ್ಯಲ್ಲಮ್ಮ. ಸಣ್ಣದಾ ಇದು?"

ಅವಳು ಮೇಷ್ಟ್ರಿಗೆ ಫೋನು ಮಾಡಿದಳು.

ಕೋಣೆಯ ಗಾಳಿ ತಿಳಿಯಾದ ಮೇಲೆ ಮೇಷ್ಟ್ರೂ ಬಂದು ಇಬ್ಬರೂ ಒಳಗೆ ಹೋದರು. ಬಾಗಿಲು ಕಿಟಕಿ ತೆರೆದಿಟ್ಟು, ಬಾಯ್ಲರನ್ನು ಎರಡೇ ನಿಮಿಷ ಹಚ್ಚಿ ಅಳೆದರೆ ಮೀಟರು ಸಾವಿರ ದಾಟಿತು. ಬರ್ನರಿಗೆ ಗಾಳಿ ಹೋಗುವ ಜಾಲರಿಗೆ ಬಟ್ಟೆಯ ನವಿರು ಎಳೆಗಳು ದಿನದಿನವೂ ಅಂಟಿ ಅಂಟಿ ದಪ್ಪ ಕಂಬಳಿಯಾಗಿದ್ದವು. ಚಿಮಣಿಯ ಕೀಲೊಂದು ಸಡಿಲಾಗಿತ್ತು. ಚಳಿಗೆಂದು ಮೂರು ದಿನದಿಂದ ಕಿಟಕಿ ಮುಚ್ಚಿದ್ದರು. ಹನ್ನೆರಡು ದಿನದ ಹಿಂದೆ ಫೇಲು ಎಂದಿದ್ದರೆ ರಿಪೇರಿಯವನು ಬಂದು ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಸರಿಮಾಡಿ ಹೋಗುತ್ತಿದ್ದ.

"ಹೆದರಿಸ್ಬೇಡ ಅಂದವನು ನಾನು" ಎಂದರು ಮೇಷ್ಟ್ರು, ಜಾಲರಿಯ ಎಳೆಗಳನ್ನು ಬೆರಳಲ್ಲಿ ಕೀಳುತ್ತ. "ವರದಿಯಲ್ಲಿ ಅದನ್ನೂ ಬರಿ."

"ಮೊದಲು ತಂಗಿ ಮನೆಗೆ ಹೋದೆ ಸಾರ್. ಅದನ್ನೂ ಬರೀತೀನಿ."

ಉಳಿದ ಆರೂ ಕಡೆಗೆ ಅಂದು ಸಂಜೆಯೊಳಗೆ ಮೇಷ್ಟ್ರೇ ಹೋಗಿ ಬಂದರು. ಎರಡು ಫೇಲಾದವು. ಪುಣ್ಯಕ್ಕೆ ಅಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಹೊಗೆಯಕ್ಕನ ಲೈಸೆನ್ಸನ್ನು ವಿಚಾರಣೆ ಮುಗಿಯುವವರೆಗೆ ತಡೆಹಿಡಿದರು. ಯಜಮಾನ ಎರಡನೇ ದಿನ ಮನೆಗೆ ಹೋದ. ಇಸ್ತ್ರಿಯಮ್ಮನಿಗೂ ಎಚ್ಚರವಾಗಿದೆ ಎಂದು ಸುದ್ದಿ ಬಂದಾಗ ಅವಳು ಆಸ್ಪತ್ರೆಗೆ ಹೊರಟಳು. ಗಂಡ, "ನಾನೂ ಬರ್ಲಾ?" ಎಂದ. ಬೇಡವೆಂದಳು.

ಹಾಸಿಗೆಯ ಪಕ್ಕದಲ್ಲಿ ಸೊಸೆ ಕೂತಿದ್ದಳು. ಹೊಗೆಯಕ್ಕ ನಿಂತುಕೊಂಡೇ ರಿಂಗಿನಿಂದ ಹಿಡಿದು ತಂಗಿಯ ಮನೆಯವರೆಗೆ ಎಲ್ಲವನ್ನೂ ಹೇಳಿದಳು. ಇಸ್ತ್ರಿಯಮ್ಮ ಕೇಳುತ್ತ ಕೇಳುತ್ತ ಕಣ್ಣುಮುಚ್ಚಿದರು. ರೆಪ್ಪೆಯಂಚಿನಿಂದ ನೀರು ಇಳಿಯಿತು.

ಮರುದಿನ ಹೋದಾಗ ಅವರು ಎದ್ದು ಕೂತಿದ್ದರು. ಅವಳನ್ನು ಕಂಡು ಮುಖವರಳಿಸಿದರು. "ಬಾಮ್ಮ. ಯಾರು ನೀನು? ನಮ್ಮ ಸೊಸೆ ಗೆಳತಿಯಾ?"

ಹೊಗೆಯಕ್ಕ ಸೊಸೆಯತ್ತ ನೋಡಿದಳು. ಸೊಸೆ ಅವಳನ್ನು ಬಾಗಿಲ ಹೊರಗೆ ಕರೆದುಕೊಂಡು ಹೋದಳು. "ಹಳೇದೆಲ್ಲ ನೆನಪಿದೆ ಅಕ್ಕ. ನನ್ನ ಮದುವೆಯಲ್ಲಿ ಯಾರು ಏನು ಉಟ್ಟಿದ್ರು ಅಂತ ಹೇಳ್ತಾರೆ. ನಿನ್ನೆ ಆಗಿದ್ದು ಮಾತ್ರ ನಿಲ್ತಿಲ್ಲ. ಸರಿ ಹೋಗ್ಬಹುದು ಅಂತಾರೆ ಡಾಕ್ಟ್ರು. ಹೋಗದೇನೂ ಇರ್ಬಹುದಂತೆ."

ಗೆಳತಿ ಎಂದು ಹೇಳಿ ಹಣ್ಣು ಕೊಟ್ಟು ಬಂದುಬಿಡಬಹುದಿತ್ತು. ಯಾರೂ ಕೇಳುವವರಿರಲಿಲ್ಲ. ಅವಳು ಒಳಗೆ ಹೋಗಿ, ಸ್ಟೂಲು ಎಳೆದುಕೊಂಡು, ಮೊದಲಿಂದ ಮತ್ತೆ ಹೇಳಿದಳು. ಆ ದಿನ ಇಸ್ತ್ರಿಯಮ್ಮ ಗಲ್ಲಕ್ಕೆ ಕೈಯಿಟ್ಟು ಕೇಳಿ, "ಹೋಗ್ಲಿ ಬಿಡು ತಾಯಿ, ಉಳಿದೆನಲ್ಲ. ಎಷ್ಟು ಬಟ್ಟೆ ನಾನೇ ಸುಟ್ಟಿಲ್ಲ" ಎಂದು ಅವಳ ಕೈ ತಟ್ಟಿದರು. ಮೂರನೆಯ ದಿನ, "ನಾನಾದ್ರೂ ಮೊದಲು ತಂಗಿ ಮನೆಗೇ ಓಡ್ತಿದ್ದೆ" ಎಂದರು. ನಾಲ್ಕನೆಯ ದಿನವೂ ಯಾರು ನೀನು ಎಂದೇ ಕೇಳಿದರು. ಹೇಳಿ ಹೇಳಿ ಅವಳಿಗೆ ಮಾತುಗಳು ಬಾಯಿಪಾಠವಾದವು, ಭಯ ಮಾತ್ರ ಹೊಸದಾಗಿಯೇ ಇರುತ್ತಿತ್ತು. ದಿನವೂ ಕ್ಷಮೆ ಸಿಗುತ್ತಿತ್ತು, ಬೆಳಗಾಗುವಷ್ಟರಲ್ಲಿ ಅಳಿಸಿಹೋಗುತ್ತಿತ್ತು. ಇವರು ಹೀಗೇ ಉಳಿದುಬಿಟ್ಟರೆ ಎಂದು ಯೋಚಿಸುತ್ತ ಅವಳು ಊಟದ ತಟ್ಟೆಯನ್ನು ಹಾಗೇ ಬಿಟ್ಟು ಏಳುತ್ತಿದ್ದಳು.

ಒಂಬತ್ತನೆಯ ದಿನ ಅವಳು ವಾರ್ಡಿನ ಬಾಗಿಲಿಗೆ ಬಂದಾಗ ಇಸ್ತ್ರಿಯಮ್ಮ ತಲೆ ಬಾಚಿಸಿಕೊಳ್ಳುತ್ತಿದ್ದರು. ತಿರುಗಿ ನೋಡಿದರು. ಮುಖ ಗಂಟಿಕ್ಕಿತು.

"ನೀನು ಆ ಮೀಟರಿನವಳಲ್ವಾ?"

ಹೊಗೆಯಕ್ಕ ಬಾಗಿಲಲ್ಲೇ ನಿಂತಳು. "ಹೌದಮ್ಮ."

"ನಿನ್ನೆನೂ ಬಂದಿದ್ದೆ. ನೀಲಿ ಸೀರೆ. ಅದೇನೋ ರಿಂಗು ಅಂದೆ." ಅವರ ದನಿ ಏರುತ್ತ ಹೋಯಿತು. "ರಿಂಗಂತೆ! ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಆ ಇಸ್ತ್ರಿ ಪೆಟ್ಟಿಗೆ ಹಿಡಿದು ಮಗನ್ನ ಸಾಕಿದ ಕೈ ಇದು. ಈಗ ಲೋಟ ಹಿಡಿದ್ರೆ ನಡುಗುತ್ತೆ. ಒಂದು ಮಾತು, ಒಂದೇ ಒಂದು ಮಾತು ಫೋನಲ್ಲಿ ನೆಟ್ಟಗೆ ಹೇಳೋಕಾಗ್ಲಿಲ್ವಾ ನಿಂಗೆ? ನಡಿ ಆಚೆ! ನಿನ್ನ ಮುಖ ತೋರಿಸ್ಬೇಡ ನಂಗೆ!"

ವಾರ್ಡಿನವರೆಲ್ಲ ತಿರುಗಿ ನೋಡಿದರು. ಹೊಗೆಯಕ್ಕ ಹೊರಗೆ ಬಂದು ಗೋಡೆ ಹಿಡಿದು ನಿಂತಳು. ಕಣ್ಣಿಂದ ಧಾರಾಕಾರ ನೀರು. ಹಿಂದೆಯೇ ಸೊಸೆ ಬಾಚಣಿಗೆ ಹಿಡಿದುಕೊಂಡೇ ಓಡಿ ಬಂದು ಅವಳ ಎರಡೂ ತೋಳು ಹಿಡಿದು ಅಲ್ಲಾಡಿಸಿದಳು.

"ನೆನಪಿದೆ ಅಕ್ಕ! ಕೇಳಿದ್ರಾ? ಸೀರೆ ಬಣ್ಣ ಕೂಡ ಹೇಳಿದ್ರು! ಅತ್ತೆಗೆ ನೆನಪಿದೆ!"

"ಕೇಳ್ದೆ" ಎಂದಳು ಹೊಗೆಯಕ್ಕ. "ಕೇಳ್ದೆ, ಕೇಳ್ದೆ." ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅಲ್ಲೇ ನಿಂತರು.

ಒಳಗಿನಿಂದ ಇಸ್ತ್ರಿಯಮ್ಮನ ದನಿ ಬಂತು. "ಏ, ಅವಳು ಹೋದ್ಲಾ?"

"ಇಲ್ಲೇ ಇದ್ದಾರೆ ಅತ್ತೆ" ಎಂದಳು ಸೊಸೆ.

"ನಾಳೆ ಬರ್ಲಿ ಅವಳು. ನಂದಿನ್ನೂ ಬೈದು ಮುಗಿದಿಲ್ಲ."